ಬಾಲ್ಕನಿಯ ಮೀಸೆ

ಸೆಪ್ಟೆಂಬರ್ ೨, ಮಂಗಳವಾರ

ಕ್ಯಾಪು ಫ್ರಿಜ್ಜಿನಲ್ಲಿ ಸಿಕ್ಕಿತು. ಮೊಟ್ಟೆಗಳ ಪಕ್ಕ ತಣ್ಣಗೆ ಕೂತಿತ್ತು. ಹೋದ ತಿಂಗಳು ಬಚ್ಚಲಿನ ಬಕೆಟ್ಟಿನಲ್ಲಿತ್ತು. ನಾನೇ ಇಟ್ಟು ಮರೆತಿರಬೇಕು, ಮತ್ಯಾರು ಇಡುತ್ತಾರೆ... ಹೆಂಡತಿಗೆ ತೋರಿಸಿದೆ. ಬಟಾಣಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ವಯಸ್ಸಾಯ್ತು" ಅಂದಳು. ಮುಗಿಯಿತು. ನಾನಾಗಿದ್ದರೆ "ತಲೆಬಿಸಿ ಜಾಸ್ತಿ ಆಗಿತ್ತೇನೋ" ಎಂದು ಒಂದಾದರೂ ಒಗ್ಗರಣೆ ಹಾಕುತ್ತಿದ್ದೆ. ಅವಳದು ಉಪ್ಪಿಲ್ಲದ ಪಥ್ಯ. ಊರ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರ್ ಆದವಳು. ಆಗ ಚುಚ್ಚುಮದ್ದು ಕೊಡುತ್ತಿದ್ದಳು. ಈಗ ಮದ್ದು ಮುಗಿದಿದೆ, ಚುಚ್ಚು ಮಾತ್ರ ಉಳಿದಿದೆ. ಮದುವೆಯಾದಾಗಿನಿಂದ ಇವಳ ಬಾಯಲ್ಲಿ ಒಂದು ಜೋಕು ಕೇಳಿಲ್ಲ. ಊರಲ್ಲೂ ಯಾರೂ ಕೇಳಿಲ್ಲ.

ಬೆಳಗಿನ ವಾಕಿಂಗಿಗೆ ಹಳೆ ಕಲ್ಲು ಕ್ವಾರಿ, ಎಂದಿನಂತೆ ಮೂವರು. ನಾನು, ಬ್ಯಾಂಕಿನ ಮಾಜಿ ಮ್ಯಾನೇಜರು, ಔಷಧಿ ಅಂಗಡಿಯ ಗುಳಿಗೆ. (ಗುಳಿಗೆ ನಾನಿಟ್ಟ ಹೆಸರು. ಆಸಾಮಿ ದುಂಡಗೆ, ಬೆಳ್ಳಗೆ, ಏನು ಹೇಳಿದರೂ ನೀರಿನ ಜೊತೆ ಇಳಿದುಹೋಗುತ್ತಾನೆ.) ಹಳೆ ಲಾರಿ ರಸ್ತೆ ಹಿಡಿದು ಹತ್ತಿದೆವು. ಲಾರಿಗಳು ನಿಂತು ಎಷ್ಟೋ ವರ್ಷ, ಈಗ ಚಕ್ರದ ಜಾಡಿನಲ್ಲಿ ಹುಲ್ಲು. ಮೇಲೆ ಹೋದರೆ ಅರ್ಧ ಬೆಟ್ಟ ಇದೆ, ಅರ್ಧ ಇಲ್ಲ. ಕೇಕ್ ಕತ್ತರಿಸಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದಾರೆ. ಕೆಳಗೆ ಹಸಿರು ನೀರಿನ ಹೊಂಡ. ಅದರ ಮೇಲಕ್ಕೆ ನಾಲಿಗೆ ಚಾಚಿದಂತೆ ಒಂದು ಬಂಡೆ. ಅದೇ ನಮ್ಮ ಬಾಲ್ಕನಿ. ಅಲ್ಲಿ ಕಾಲು ಇಳಿಬಿಟ್ಟು ಕೂತರೆ ಇಡೀ ಊರು ಅಂಗೈ ಮೇಲೆ. ಗಡಿಯಾರದ ಗೋಪುರ, ರೈಲು ಹಳಿ, ನದಿ ಸೊಂಟ ತಿರುಗಿಸುವ ಜಾಗ. ಗುಳಿಗೆ ಫ್ಲಾಸ್ಕು ತೆಗೆದ. ಚಹಾ ಕುಡಿದೆವು. ಮ್ಯಾನೇಜರು ಐದು ನಿಮಿಷಕ್ಕೇ ಚಡಪಡಿಸಿದರು.

"ಸಾಕಲ್ವಾ? ನೋಡಿ ಆಯ್ತಲ್ಲ."

"ನಿಮಗೆ ನೋಟು ಎಣಿಸಿ ಗೊತ್ತು, ನೋಟ ಸವಿದು ಗೊತ್ತಿಲ್ಲ" ಅಂದೆ.

ಗುಳಿಗೆ ಚಹಾ ಉಗುಳಿಕೊಂಡ. ದಿನ ಸಾರ್ಥಕ.

ಸೆಪ್ಟೆಂಬರ್ ೪, ಗುರುವಾರ

ಹೊಸ ಬೋರ್ಡು ಏರಿಸಿದೆ. ಬದುಕೆಲ್ಲ ಅಂಗಡಿಗಳಿಗೆ ಬೋರ್ಡು ಬರೆದ ಕೈ. ಈಗ ಎಲ್ಲರೂ ಪ್ಲಾಸ್ಟಿಕ್ಕಿನದು ಹಾಕಿಸುತ್ತಾರೆ. ಬೋರ್ಡು ಬರೆಯದಿದ್ದರೆ ಬೋರು. ಅದಕ್ಕೇ ಕ್ವಾರಿಗೆ ಬರೆಯುತ್ತೇನೆ. ಹೊಂಡದ ಹತ್ತಿರ: "ಈಜು ಬಾರದ ಮೀನುಗಳಿಗೆ ಪ್ರವೇಶವಿಲ್ಲ". ಗೋಡೆಯ ಹತ್ತಿರ: "ಪ್ರತಿಧ್ವನಿ ಮಧ್ಯಾಹ್ನ ಮಲಗಿರುತ್ತದೆ, ಕೂಗಬೇಡಿ". ಕತ್ತರಿಸಿದ ಕಡೆ: "ಉಳಿದರ್ಧ ಬೆಟ್ಟವನ್ನು ಊರಿನ ರಸ್ತೆಗಳಿಗೆ ಹಂಚಲಾಗಿದೆ, ಮನೆಗೆ ಹೋಗುವಾಗ ಕಾಲಡಿ ನೋಡಿಕೊಳ್ಳಿ". ಇದು ನನಗೇ ಇಷ್ಟ.

ಇವತ್ತಿನದು ಬಾಲ್ಕನಿಗೆ. ಕೆಂಪು ಎನಾಮೆಲ್, ತಲೆಬುರುಡೆ, ಅಡ್ಡ ಮೂಳೆ, ಎಲ್ಲಾ ಪದ್ಧತಿ ಪ್ರಕಾರ:

"ಅಪಾಯ! ಇಲ್ಲಿ ಕೂತವರಿಗೆ ಏಳಲು ಮನಸ್ಸಾಗುವುದಿಲ್ಲ."

ಕಂಬ ನೆಡುವಾಗ ಕಂಡಿತು. ಬಾಲ್ಕನಿ ಬೆಟ್ಟಕ್ಕೆ ಅಂಟಿಕೊಂಡಿರುವ ಕಡೆ ಒಂದು ಗೆರೆ. ಕೂದಲೆಳೆಯಷ್ಟು ಸಣ್ಣ ಬಿರುಕು, ಈ ಅಂಚಿನಿಂದ ಆ ಅಂಚಿಗೆ. ಹಳೆಯದೇ ಇರಬೇಕು, ಕಲ್ಲಿಗೂ ಸುಕ್ಕು ಬರುತ್ತದೆ. ಡಬ್ಬಿಯಲ್ಲಿ ಕಪ್ಪು ಬಣ್ಣ ಸ್ವಲ್ಪ ಉಳಿದಿತ್ತು. ಕೈ ಸುಮ್ಮನಿರಬೇಕಲ್ಲ... ಬಿರುಕಿನ ಮೇಲೆ ಅಡ್ಡಲಾಗಿ ಒಂದು ದೊಡ್ಡ ಮೀಸೆ ಬರೆದೆ. ಅರ್ಧ ಬೆಟ್ಟದ ಕಡೆ, ಅರ್ಧ ಬಾಲ್ಕನಿ ಕಡೆ. ತುದಿ ಎರಡೂ ಹುರಿಮಾಡಿ ಮೇಲಕ್ಕೆ. ದೂರ ನಿಂತು ನೋಡಿದರೆ ಬಂಡೆ ಯಾರೋ ರಿಟೈರಾದ ಸುಬೇದಾರನ ಹಾಗೆ ಕಾಣುತ್ತದೆ.

ಮನೆಗೆ ಬಂದು ವಿವರಿಸಿದೆ. ಸೊಸೆ ಬಿದ್ದು ಬಿದ್ದು ನಕ್ಕಳು. ಹೆಂಡತಿ, "ಬಣ್ಣ ಕೈಗಾಗಿದೆ. ಸೀಮೆಎಣ್ಣೇಲಿ ತೊಳ್ಕೊಳ್ಳಿ."

ಸೆಪ್ಟೆಂಬರ್ ೯, ಮಂಗಳವಾರ

ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳೆ. ಹಲ್ಲು ನೋವಿನವರು ಬರುವ ತನಕ ಫೋನು. ಬೋರ್ಡುಗಳ ಫೋಟೋ ಎಲ್ಲಾ ಅದರಲ್ಲಿ ಹಾಕಿದ್ದಾಳೆ. ಪರಿಣಾಮ: ಇವತ್ತು ಕ್ವಾರಿಯಲ್ಲಿ ಜನವೋ ಜನ. ಕಾಲೇಜಿನವರು, ಹೊಸ ಜೋಡಿಗಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಎಲ್ಲರಿಗೂ ಮೀಸೆಯ ಪಕ್ಕ ಮಲಗಿ ಒಂದು ಫೋಟೋ ಬೇಕು. ಕ್ಯೂ ನಿಂತಿದೆ!

ಮ್ಯಾನೇಜರಿಗೆ ಹೊಟ್ಟೆಯುರಿ. "ಶಾಂತವಾದ ಜಾಗ ಹಾಳು ಮಾಡಿಬಿಟ್ರಿ" ಅಂದರು. ಆಮೇಲೆ ಯಾರೂ ನೋಡದಾಗ ತಾವೂ ಒಂದು ಫೋಟೋ ತೆಗೆಸಿಕೊಂಡರು. ನಾನು ನೋಡಿದೆ. ನೋಡಿದೆ ಎಂದು ಹೇಳಲಿಲ್ಲ. ಇಂಥ ಸರಕು ಕೂಡಿಟ್ಟುಕೊಳ್ಳಬೇಕು.

ಈ ತಿಂಗಳ ಕೊನೆಯ ಭಾನುವಾರ ಅವರಿಗೆ ಎಪ್ಪತ್ತು ತುಂಬುತ್ತದೆ. ಮುಂಜಾನೆ ವಾಕಿಂಗಿನ ಎಲ್ಲರೂ ಸಂಸಾರ ಸಮೇತ ಬಾಲ್ಕನಿಯಲ್ಲಿ ಸೇರಿ ಕೇಕ್ ಕತ್ತರಿಸುವುದು, ಗ್ರೂಪ್ ಫೋಟೋ. ಅವರೇ ಘೋಷಿಸಿದರು. ನನ್ನ ಕಡೆ ಬೆರಳು ಮಾಡಿ, "ಈ ಸಲ ನಾನು ಬೀಳಲ್ಲ."

ಪ್ರತಿ ವರ್ಷ ಅವರ ಹುಟ್ಟುಹಬ್ಬಕ್ಕೆ ನನ್ನದೊಂದು ಸೇವೆ ಇರುತ್ತದೆ. ಹೋದ ವರ್ಷ ಅವರಿಗೆ ಅವಳಿ ತಮ್ಮ ಇದ್ದಾನೆಂದು ಬೇಕರಿಯವನನ್ನು ನಂಬಿಸಿದ್ದೆ. ಎರಡು ಕೇಕು ಬಂತು. "ತಮ್ಮಾವ್ರು ಎಲ್ಲಿ ಸಾರ್?" ಎಂದು ಬೇಕರಿಯವನು ಇವತ್ತಿಗೂ ಕೇಳುತ್ತಾನೆ.

ಸೆಪ್ಟೆಂಬರ್ ೧೧

ನೆಗಡಿ. ಮೂಗು ನಲ್ಲಿ. ವಾಕಿಂಗ್ ಬಂದ್. ಕುಂಡದ ಗುಲಾಬಿ ಗಿಡ ನನ್ನ ಕ್ಯಾಪು ಹಾಕಿಕೊಂಡಿದೆ. ಜ್ವರದ ತಲೆಯಲ್ಲಿ ಯಾವಾಗ ಇಟ್ಟೆನೋ... ವೈದ್ಯರ ಹತ್ತಿರ ನೆನಪಿನ ಮಾತ್ರೆ ಕೇಳಬೇಕು ಅಂದೆ. ಹೆಂಡತಿ ಅಂದಳು, "ಅದನ್ನ ಕೇಳೋದೂ ಮರೀತೀರಿ. ಬಾಯಿ ತೆಗೀರಿ." ಥರ್ಮಾಮೀಟರು ಒಳಗೆ. ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆ ಉಪಾಯ ಅವಳಿಗೆ ಇನ್ನೂ ಸಿಕ್ಕಿಲ್ಲ.

ಸೆಪ್ಟೆಂಬರ್ ೧೯, ಶುಕ್ರವಾರ

ಬಿಡುಗಡೆ. ನೆಗಡಿ ನೆಗೆದುಬಿತ್ತು. ಒಬ್ಬನೇ ಮೇಲೆ ಹೋದೆ. ಮಳೆ ತೊಳೆದು ಊರು ಹೊಸದಾಗಿದೆ. ರೈಲು ಆಟದ ಸಾಮಾನಿನ ಹಾಗೆ ಹೋಯಿತು. ಒಬ್ಬನೇ ಕೈ ಬೀಸಿದೆ.

ಆಮೇಲೆ ಮೀಸೆ ನೋಡಿದೆ.

ಸೀಳಿದೆ. ಮೂಗಿನ ಕೆಳಗೆ ಸರಿಯಾಗಿ, ಮಧ್ಯಕ್ಕೆ. ಬೆಟ್ಟದ ಅರ್ಧ ಅಲ್ಲೇ ಇದೆ. ಬಾಲ್ಕನಿಯ ಅರ್ಧ ಒಂದು ಚೂರು ಕೆಳಗೆ ಜಾರಿದೆ. ನಡುವೆ ನನ್ನ ಉಗುರು ಹೋಗುವಷ್ಟು ಸಂದು.

ಬಣ್ಣ ತಾನಾಗೇ ಒಡೆದಿರಬಹುದು ಎಂದುಕೊಂಡೆ. ಆದರೆ ನನಗೆ ಎನಾಮೆಲ್ ಗೊತ್ತು. ಒಣಗಿದ ಮೇಲೆ ಅದು ಚರ್ಮದ ಹಾಗೆ. ಬಿಸಿಲಿಗೆ ಸುಲಿಯುತ್ತದೆ, ಚಕ್ಕೆ ಏಳುತ್ತದೆ. ಹೀಗೆ ನೆಟ್ಟಗೆ ಹರಿಯುವುದಿಲ್ಲ. ಯಾರಾದರೂ ಎರಡು ಕಡೆಯಿಂದ ಎಳೆದರೆ ಮಾತ್ರ.

ಎದ್ದು ಹಿಂದೆ ಬಂದು ನಿಂತೆ. ಕಾಲು ಯಾಕೋ ತಾನಾಗೇ ಹಿಂದೆ ಬಂತು.

ಅದೇ ದಿನ, ಸಂಜೆ

ಬಣ್ಣ ತಗೊಂಡು ಮತ್ತೆ ಹೋದೆ. ಸೀಳಿದ ಕಡೆಗೆ ತೇಪೆ ಹಾಕಿ ಮೀಸೆ ಕೂಡಿಸಿದೆ. ಹೊಟ್ಟೆ ಮೇಲೆ ಮಲಗಿ, ಕೈ ಮಾತ್ರ ಮುಂದೆ ಚಾಚಿ. ಯಾರಾದರೂ ನೋಡಿದ್ದರೆ ಬಂಡೆಗೆ ಕ್ಷೌರ ಮಾಡುತ್ತಿದ್ದಾನೆ ಅನ್ನುತ್ತಿದ್ದರು. ಎರಡು ದಿನ ಬಿಟ್ಟು ನೋಡುತ್ತೇನೆ. ಹರಿಯದಿದ್ದರೆ ನನ್ನದೇ ಭ್ರಮೆ.

ಸೆಪ್ಟೆಂಬರ್ ೨೨, ಸೋಮವಾರ

ಹರಿದಿದೆ.

ಮ್ಯಾನೇಜರು, ಗುಳಿಗೆ ಇಬ್ಬರಿಗೂ ಹೇಳಿದೆ. ಲಾರಿ ರಸ್ತೆಯಲ್ಲೇ ನಿಲ್ಲಿಸಿ, ಎರಡೂ ಕೈ ಹಿಡಿದು.

"ಬಾಲ್ಕನಿ ಕಳಚಿಕೊಳ್ತಿದೆ. ಮೀಸೆ ಎರಡು ಸಲ ಹರೀತು. ಭಾನುವಾರ ಅಷ್ಟು ಜನ ಹತ್ತಿದ್ರೆ ಎಲ್ಲರೂ ಹೊಂಡಕ್ಕೆ ಹೋಗ್ತೀವಿ. ಬೇರೆ ಕಡೆ ಮಾಡೋಣ."

ಮ್ಯಾನೇಜರು ನನ್ನನ್ನೇ ನೋಡಿದರು. ನಿಧಾನಕ್ಕೆ ಚಪ್ಪಾಳೆ ತಟ್ಟಿದರು. "ವಾಹ್. ಮೀಸೆ ಕಥೆ ಭರ್ಜರಿ. ಒಂದು ತಿಂಗಳಿಂದ ತಯಾರಿ ಮಾಡಿದೀರಿ ಅನ್ನಿ. ನಾನು ಬೀಳಲ್ಲ ಅಂದ್ನಲ್ಲ?"

"ಬೀಳ್ತೀರಿ ಅಂತಾನೇ ಹೇಳ್ತಿರೋದು!"

"ಕೇಳಿಸ್ಕೊಂಡ್ಯೇನೋ ಗುಳಿಗೆ, ಎಷ್ಟು ಚೆನ್ನಾಗಿ ನಟಿಸ್ತಾರೆ. ಕಣ್ಣಲ್ಲಿ ನೀರು ಬೇರೆ."

"ಅದು ನೆಗಡಿಯ ಬಾಕಿ ಕಣ್ರೀ!"

ಗುಳಿಗೆ ನಕ್ಕು ನಕ್ಕು ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ನನಗೂ ನಗು ಬಂತು. ಅದೇ ನನ್ನ ಕರ್ಮ. ನಿಜ ಹೇಳುವಾಗಲೂ ಮುಖ ಹಳೆ ಅಭ್ಯಾಸ ಬಿಡುವುದಿಲ್ಲ.

ಸೆಪ್ಟೆಂಬರ್ ೨೩, ಮಂಗಳವಾರ

ಪುರಸಭೆ ಆಫೀಸಿಗೆ ಫೋನು ಮಾಡಿದೆ. ಗುಮಾಸ್ತನೊಬ್ಬ ಎತ್ತಿದ. ಬಿರುಕು, ಬಂಡೆ, ಭಾನುವಾರ, ಎಲ್ಲಾ ಗಂಭೀರವಾಗಿ ಹೇಳಿದೆ. ಒಂದು ಶ್ಲೇಷೆಯೂ ಬಳಸಲಿಲ್ಲ. ನಾಲಿಗೆ ಕಚ್ಚಿ ಹಿಡಿದಿದ್ದೆ.

"ನೀವು ಬೋರ್ಡಿನ ಯಜಮಾನ್ರಲ್ವಾ?"

"ಹೌದು."

"ಅರ್ಧ ಬೆಟ್ಟ ಕಾಣೆಯಾಗಿದೆ, ಹುಡುಕಿಕೊಡಿ ಅಂತ ಹೋದ ವರ್ಷ ಕಂಪ್ಲೇಂಟ್ ಕೊಟ್ಟಿದ್ದವರು?"

"...ಹೌದು."

"ಗುರುತಿಗೆ ಅಂತ ಬೆಟ್ಟದ ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸಿದ್ರಿ. ಗೋಡೇಲಿ ಇನ್ನೂ ಇದೆ ಸಾರ್. ಬೇಜಾರಾದಾಗ ಓದ್ಕೊಳ್ತೀವಿ." ಅವನು ಫೋನು ಕೆಳಗಿಡದೆ ಪಕ್ಕದವರಿಗೆ ಕೂಗಿದ: "ಏಯ್, ಬನ್ರೋ, ಬೆಟ್ಟದವರು ಲೈನಲ್ಲಿದಾರೆ!"

ಇಟ್ಟುಬಿಟ್ಟೆ.

ಸೆಪ್ಟೆಂಬರ್ ೨೪, ಬುಧವಾರ

ನಿಜವಾದ ಬೋರ್ಡು ಬರೆದೆ. ತಲೆಬುರುಡೆ ಇಲ್ಲ, ಆಶ್ಚರ್ಯಸೂಚಕ ಇಲ್ಲ. "ಅಪಾಯ. ಬಂಡೆ ಬಿರುಕು ಬಿಟ್ಟಿದೆ. ಮುಂದೆ ಹೋಗಬೇಡಿ." ಬಾಲ್ಕನಿಯ ಕುತ್ತಿಗೆಗೆ ಅಡ್ಡಲಾಗಿ ಹಗ್ಗವನ್ನೂ ಕಟ್ಟಿದೆ. ದೂರದಲ್ಲಿ ಕಲ್ಲು ಪುಡಿಮಾಡುತ್ತಿದ್ದ ಕ್ರಷರಿನ ಹಳೆ ಕೋಣೆ ಇದೆ, ಸೂರಿಲ್ಲ, ಗೋಡೆ ಮಾತ್ರ. ಅದರ ಪಕ್ಕ ಕಾವಲು ಕೂತೆ.

ಮೊದಲು ಬಂದದ್ದು ಕಾಲೇಜು ಗುಂಪು. ಒಬ್ಬ ಬೋರ್ಡು ಜೋರಾಗಿ ಓದಿದ. ಎಲ್ಲರೂ ಕಾದರು. ಎರಡನೆಯ ಸಾಲಿನಲ್ಲಿ ನಗು ಎಲ್ಲಿದೆ ಎಂದು ಹುಡುಕಿದರು. "ಓ, ಬಿರುಕು ಬಿಟ್ಟಿರೋದು ತಾತನ ತಲೆ" ಎಂದು ಒಬ್ಬಳು ತೀರ್ಪು ಕೊಟ್ಟಳು. ಮತ್ತೊಬ್ಬಳು ಹಗ್ಗದ ಮುಂದೆ ನಿಂತು ಬೆರಳನ್ನೇ ಕತ್ತರಿ ಮಾಡಿ ಉದ್ಘಾಟನೆ ಮಾಡಿದಳು. ಚಪ್ಪಾಳೆ. ಎಲ್ಲರೂ ಹಗ್ಗ ನುಸುಳಿ ಬಾಲ್ಕನಿಗೆ. ನಾನು ಓಡಿಹೋಗಿ ಕೂಗಿದೆ, "ವಾಪಸ್ ಬನ್ನಿ, ಬೀಳುತ್ತೆ!"

ನನ್ನ ಜೊತೆಗೂ ಫೋಟೋ ತೆಗೆಸಿಕೊಂಡರು. ನಾನು ಕೂಗುತ್ತಿರುವ ಭಂಗಿಯಲ್ಲೇ.

ಅವರು ಇಳಿಯುವ ತನಕ ಉಸಿರು ಬಿಡಲಿಲ್ಲ. ಮನೆಗೆ ಬಂದರೆ ಸೊಸೆ ಫೋನು ತೋರಿಸಿದಳು. ಆ ಬೋರ್ಡಿಗೆ ಇದುವರೆಗಿನ ಎಲ್ಲಕ್ಕಿಂತ ಹೆಚ್ಚು ನಗು ಬಿದ್ದಿದೆಯಂತೆ. "ಮಾವ, ಇದು ನಿಮ್ಮ ಮಾಸ್ಟರ್‌ಪೀಸು!"

"ಅದು ನಿಜ ಕಣಮ್ಮ."

"ಅದೇ, ಅದೇ! ಆ ಮುಖ ಹಾಗೇ ಇಟ್ಕೊಳ್ಳಿ" ಅಂತ ಇನ್ನೊಂದು ಫೋಟೋ ತೆಗೆದಳು.

ಸೆಪ್ಟೆಂಬರ್ ೨೬, ಶುಕ್ರವಾರ. ಬೆಳಿಗ್ಗೆ ಐದೂವರೆ

ಬಿಳಿ ಬಣ್ಣದ ಡಬ್ಬಿ ತೆಗೆದಿಟ್ಟಿದ್ದೇನೆ. ಇವತ್ತು ಹೋಗಿ ಎಲ್ಲ ಬೋರ್ಡಿಗೂ ಬಳಿದುಬಿಡುವುದು. ಮೀನು, ಪ್ರತಿಧ್ವನಿ, ಉಳಿದರ್ಧ ಬೆಟ್ಟ, ಎಲ್ಲಾ. ನಗಿಸುವ ಬೋರ್ಡು ಒಂದೂ ಇಲ್ಲದಿದ್ದರೆ ಆಗಲಾದರೂ ಆ ಒಂದನ್ನು ನಂಬುತ್ತಾರೋ ಏನೋ. ಭಾನುವಾರಕ್ಕೆ ಇನ್ನೆಷ್ಟು ಹೊತ್ತು. ಸೊಸೆ ಹೊಸ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಗ್ರೂಪ್ ಫೋಟೋಗೆ.

ಅದೇ ದಿನ, ಎಂಟು ಗಂಟೆ

ಬರೆಯಲೇಬೇಕು.

ಅಡುಗೆಮನೆಯಲ್ಲಿ ಡಬ್ಬಿ ಅಲ್ಲಾಡಿಸುತ್ತಿದ್ದೆ. ಹೆಂಡತಿ ಬಂದಳು. "ಯಾಕೆ ಬಿಳಿ?" ಅಂದಳು. ಹೇಳಿದೆ. ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಎಲ್ಲರೂ ನಕ್ಕಮೇಲೆ ಇವಳೊಬ್ಬಳ ಹತ್ತಿರವಾದರೂ ಮರ್ಯಾದೆ ಉಳಿಯಲಿ ಎಂದಿತ್ತು.

ನಗಲಿಲ್ಲ. ಸ್ಟೂಲು ಎಳೆದು ಎದುರು ಕೂತಳು. ವಾರ್ಡಿನ ದನಿ.

"ಎಷ್ಟು ದಿನದಿಂದ?"

"ಮೂರು ವಾರ ಆಯ್ತು."

"ಹೆಚ್ಚಾಗ್ತಿದ್ಯಾ, ಹಾಗೇ ಇದ್ಯಾ?"

"ಹೆಚ್ಚಾಗ್ತಿದೆ. ಮಳೆ ಬಂದ ಮೇಲೆ ಜಾಸ್ತಿ."

"ಕೈ ಇಟ್ರೆ ಅಲ್ಲಾಡುತ್ತಾ?"

"ಕೈ ಇಡೋಕೆ ಧೈರ್ಯ ಇಲ್ಲ."

ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ನಂಬ್ತೀಯಾ?" ಅಂದೆ.

"ನೀವು ರೈಲು ಬಿಡೋವಾಗ ಎಡಗಣ್ಣು ಸಣ್ಣ ಆಗುತ್ತೆ. ಇವತ್ತು ಎರಡೂ ದೊಡ್ಡದಾಗಿದೆ." ಎದ್ದಳು. "ಬಿಳಿ ಬಣ್ಣ ಒಳಗಿಡಿ. ನಗ್ಸೋ ಬೋರ್ಡು ನಗ್ಸಲಿ ಬಿಡಿ, ಪಾಪ. ಹೆದರ್ಸೋದು ನಿಮ್ಮ ಕೈಲಾಗಲ್ಲ. ಅದು ನನ್ನ ಡಿಪಾರ್ಟ್‌ಮೆಂಟು."

ಮಂಡಿನೋವಿನವಳು. ಕ್ವಾರಿ ಇರಲಿ, ಮಹಡಿಯನ್ನೂ ಹತ್ತಿಲ್ಲ ಎಷ್ಟೋ ಕಾಲದಿಂದ. ಗುಳಿಗೆಗೆ ಫೋನು ಮಾಡಿ, "ಭಾನುವಾರ ಬೆಳಿಗ್ಗೆ ಆರಕ್ಕೆ ಸ್ಕೂಟರ್ ತಗೊಂಬಾ" ಅಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಇವಳನ್ನು ಯಾಕೆ ಎಂದು ಕೇಳಿದವರು ಊರಲ್ಲಿ ಯಾರಿದ್ದಾರೆ.

ಸೆಪ್ಟೆಂಬರ್ ೨೮, ಭಾನುವಾರ

ಕ್ರಮವಾಗಿ ಬರೆಯುತ್ತೇನೆ.

ಗುಳಿಗೆಯ ಸ್ಕೂಟರಿನ ಹಿಂದೆ ಒಂದು ಕಡೆಗೆ ಕೂತು, ಮಡಿಲಲ್ಲಿ ಆಸ್ಪತ್ರೆ ಕಾಲದ ಸ್ಟೀಲಿನ ಡಬ್ಬಿ ಇಟ್ಟುಕೊಂಡು, ಅವಳು ಲಾರಿ ರಸ್ತೆ ಏರಿದಳು. ನಾನು ಹಿಂದೆ ನಡೆದು ಹೋದೆ. ಮೇಲೆ ಹೋಗುವಷ್ಟರಲ್ಲಿ ಬಿರುಕಿನ ಮುಂದೆ ಬಗ್ಗಿದ್ದಳು. ಎರಡು ಬೆರಳು ಸಂದಿನ ಮೇಲೆ ಇಟ್ಟಿದ್ದಳು, ನಾಡಿ ನೋಡುವ ಹಾಗೆ. ಮೀಸೆಯ ಎರಡು ತುಂಡಿನ ನಡುವೆ ಈಗ ಬೆರಳು ಹೋಗುತ್ತದೆ.

"ಇದು ಉಳಿಯಲ್ಲ" ಅಂದಳು. ವಾರ್ಡಿನಲ್ಲಿ ಈ ಮಾತು ಎಷ್ಟು ಸಲ ಹೇಳಿದ್ದಾಳೋ. ಗುಳಿಗೆಯ ಮುಖ ಇನ್ನೂ ಬೆಳ್ಳಗಾಯಿತು.

ಮಡಚುವ ಸ್ಟೂಲನ್ನು ಬಾಲ್ಕನಿಯ ಕುತ್ತಿಗೆಯ ಈಚೆಗೆ, ಗಟ್ಟಿ ನೆಲದಲ್ಲಿ ಹಾಕಿ ಕೂತಳು. ಡಬ್ಬಿ ಮಡಿಲಲ್ಲಿ.

ಏಳು ಗಂಟೆಗೆ ಮೆರವಣಿಗೆ ಬಂತು. ಕೇಕಿನ ಪೆಟ್ಟಿಗೆ, ಚಾಪೆ, ಬಲೂನು, ಮಕ್ಕಳು. ಮುಂದೆ ಮ್ಯಾನೇಜರು, ಹೊಸ ಕೋಟು. ಇವಳನ್ನು ನೋಡಿ ನಿಂತರು.

"ಓಹೋ! ಈ ಸಲ ಹೆಂಡ್ತೀನೂ ಸೇರಿಸ್ಕೊಂಡ್ಬಿಟ್ರಾ?"

ಇವಳು ಡಬ್ಬಿಯ ಚಿಲಕ ತೆಗೆದಳು. ಟಕ್ ಎಂದಿತು. "ಬನ್ನಿ. ಕೋಟು ಬಿಚ್ಚಿ, ತೋಳು ಮೇಲೆ ಮಾಡಿ."

"ಯಾ... ಯಾಕಮ್ಮ?"

"ಆ ಕಲ್ಲಿನ ಮೇಲೆ ಹೋಗೋರಿಗೆಲ್ಲ ನಂಜಿನ ಇಂಜೆಕ್ಷನ್ನು. ನೀವೆಲ್ಲ ಬಿದ್ಮೇಲೆ ಹೊಂಡಕ್ಕಿಳಿದು ಒಬ್ಬೊಬ್ಬರಿಗೇ ಚುಚ್ಚೋಕೆ ನನ್ನ ಮಂಡಿ ಬಿಡಲ್ಲ. ಈಗಲೇ ಮುಗಿಸ್ಬಿಡೋಣ. ಮಕ್ಕಳು ಬಲಗಡೆ ಲೈನು, ದೊಡ್ಡೋರು ಎಡಗಡೆ."

ಒಂದು ಮಗು ಅಳಲು ಶುರುಮಾಡಿತು. ಯಾರೋ ನಕ್ಕರು. ನಗು ಒಂದೇ ಹೆಜ್ಜೆ ಹೋಗಿ ನಿಂತಿತು.

"ತಮಾಷೆ ಮಾಡ್ತಿದೀರಾ ನರ್ಸಮ್ಮ?" ಮ್ಯಾನೇಜರ ದನಿ ಸಣ್ಣಗಾಗಿತ್ತು.

"ನಾನು ಯಾವತ್ತಾದ್ರೂ ಮಾಡಿದ್ದು ನೋಡಿದೀರಾ?"

ಅಲ್ಲಿದ್ದ ಅರ್ಧ ಜನರಿಗೆ ಇವಳೇ ಚುಚ್ಚಿದವಳು. ಉಳಿದರ್ಧ ಇವಳ ಕೈಯಲ್ಲೇ ಹುಟ್ಟಿದವರು. ಸೊಸೆ ಫೋನು ಕೆಳಗಿಳಿಸಿದಳು.

"ಅತ್ತೆ... ನಿಜವಾಗ್ಲೂ ಬಿರುಕಾ?"

"ನಿಮ್ಮಾವ ಹೇಳಿದ್ರಲ್ಲ."

"ಮಾವ ಹೇಳಿದ್ರು, ಆದ್ರೆ ಮಾವ..."

"ಅದಕ್ಕೇ ನಾನು ಬಂದೆ."

ಮ್ಯಾನೇಜರು ಕನ್ನಡಕ ಏರಿಸಿಕೊಂಡು ಮಂಡಿಯೂರಿ ನೋಡಿದರು. ಬಹಳ ಹೊತ್ತು ನೋಡಿದರು. ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡುವವರು ಹೀಗೆ ನೋಡುತ್ತಿದ್ದರೇನೋ. ಎದ್ದಾಗ ಹೊಸ ಕೋಟಿನ ಮೊಣಕಾಲು... ಅಲ್ಲ, ಪ್ಯಾಂಟಿನ ಮೊಣಕಾಲು ಮಣ್ಣಾಗಿತ್ತು. ಒರೆಸಿಕೊಳ್ಳಲೂ ಇಲ್ಲ.

"ನನಗೆ ಸರಿಯಾಗಿ ಹೇಳ್ಬಾರ್ದಿತ್ತೇನ್ರೀ?"

"ಹೇಳಿದೆ. ನೀವು ಚಪ್ಪಾಳೆ ತಟ್ಟಿದ್ರಿ."

ನನ್ನ ಹೆಗಲ ಮೇಲೆ ಕೈ ಇಟ್ಟರು. ಇಟ್ಟೇ ಇದ್ದರು. ತೆಗೆಯುವುದು ಮರೆತರೇನೋ ಎಂದು ನಾನೇ ಸರಿದೆ, ಇಲ್ಲದಿದ್ದರೆ ಇಬ್ಬರಿಗೂ ಮುಜುಗರವಾಗುತ್ತಿತ್ತು.

ಕೇಕು ಕ್ರಷರ್ ಕೋಣೆಯ ಗೋಡೆಯ ಪಕ್ಕ ಕತ್ತರಿಸಿದ್ದಾಯಿತು. ಗ್ರೂಪ್ ಫೋಟೋ ಅಲ್ಲೇ. ಅಲ್ಲಿಂದಲೂ ಊರು ಕಾಣುತ್ತದೆ, ಸ್ವಲ್ಪ ಓರೆಯಾಗಿ. ಹೆಂಡತಿ ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದಳು. ಗಡಿಯಾರ ತೋರಿಸಿದೆ, ನದಿ ತೋರಿಸಿದೆ. ಅವಳು ಬೇರೇನೋ ಹುಡುಕುತ್ತಿದ್ದಳು.

"ಅದು ಆಸ್ಪತ್ರೆನಾ?"

"ಹೌದು. ನೀರಿನ ಟ್ಯಾಂಕಿನ ಪಕ್ಕ."

"ಇಷ್ಟು ಚಿಕ್ಕದಾ!" ಅಂದಳು. ಆಮೇಲೆ, "ಅದರೊಳಗೆ ಇಡೀ ದಿನ ನಡೆದ್ರೂ ಮುಗೀತಿರ್ಲಿಲ್ಲ."

ಕೇಕಿನ ಚೂರು ಕೈಯಲ್ಲೇ ಇತ್ತು. ತಿನ್ನಲು ಮರೆತಿದ್ದಳು. ಹೇಳಬಾರದ ಹೊತ್ತು ನನಗೂ ಗೊತ್ತಾಗುತ್ತದೆ, ಅಪರೂಪಕ್ಕೆ.

ಹೊರಡುವ ಮುಂಚೆ ಬೋರ್ಡು ಬರೆದಳು. ನನ್ನದೇ ಬ್ರಷ್ಷು. ಔಷಧಿ ಬಾಟಲಿಯ ಮೇಲೆ ಬರೆಯುವ ಡೊಂಕು ಅಕ್ಷರ: "ದಾಟಬೇಡಿ. - ನರ್ಸಮ್ಮ". ಸಾಲು ಏರಿಳಿತ, ಅಂಚು ಬಿಟ್ಟಿಲ್ಲ, ಬಣ್ಣ ಸೋರಿದೆ. ನನ್ನ ವೃತ್ತಿಗೇ ಅವಮಾನ. ಮಧ್ಯಾಹ್ನ ಬಂದ ಕಾಲೇಜು ಗುಂಪು ಅದನ್ನು ಓದಿ ಅಲ್ಲೇ ತಿರುಗಿ ಹೋಯಿತಂತೆ.

ರಾತ್ರಿ ಮಲಗುವ ಮುಂಚೆ ಆ ಸ್ಟೀಲಿನ ಡಬ್ಬಿ ತೆಗೆದು ನೋಡಿದೆ. ಗುಂಡಿಗಳು. ದಾರದ ಉಂಡೆಗಳು. ಒಂದು ಹೊಲಿಗೆ ಸೂಜಿ.

"ಏನಿದು! ಇಂಜೆಕ್ಷನ್ ಎಲ್ಲಿ?"

"ಸೂಜಿ ಇದ್ಯಲ್ಲ."

"ಹಾಗಾದ್ರೆ ಅದು... ನೀನು... ಜೋಕು ಮಾಡಿದ್ಯಾ?"

ದೀಪ ಆರಿಸಿದಳು. ಕತ್ತಲೆಯಿಂದ ಮಾತು ಬಂತು. "ಮಾಡೋದು ದೊಡ್ಡದಲ್ಲ. ಮಾಡಿದ್ದು ಗೊತ್ತಾಗ್ಬಾರ್ದು. ಮಲಗಿ."

ಎದ್ದು ಹಜಾರಕ್ಕೆ ಬಂದು ಇದನ್ನು ಬರೆಯುತ್ತಿದ್ದೇನೆ. ಒಬ್ಬನೇ ನಗುತ್ತಿದ್ದೇನೆ.

ಅಕ್ಟೋಬರ್ ೨, ಗುರುವಾರ

ಹೋಯಿತು.

ನಿನ್ನೆಯೆಲ್ಲ ಮಳೆ. ಬೆಳಿಗ್ಗೆ ಬಿಟ್ಟಿತು. ಮೂವರೂ ಲಾರಿ ರಸ್ತೆಯ ಅರ್ಧದಲ್ಲಿದ್ದೆವು. ಮೊದಲು ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಬೆಟ್ಟ ಸೀನಿದ ಹಾಗೆ ಒಂದು ಸದ್ದು. ಆಮೇಲೆ ನೀರು. ಕಾಲಡಿಯ ರಸ್ತೆ ನಡುಗಿತು. ಊರಲ್ಲಿ ಎಲ್ಲರೂ ಗುಡುಗು ಎಂದುಕೊಂಡರಂತೆ.

ಮೇಲೆ ಯಾರೂ ಇರಲಿಲ್ಲ. ಭಾನುವಾರದಿಂದ ಯಾರೂ ದಾಟಿಲ್ಲ. ನರ್ಸಮ್ಮನ ಬೋರ್ಡು ಅಂಚಿನಲ್ಲೇ ನಿಂತಿತ್ತು. ಅದರಾಚೆ ಏನೂ ಇಲ್ಲ, ಗಾಳಿ. "ಏಳಲು ಮನಸ್ಸಾಗುವುದಿಲ್ಲ" ಎಂಬ ನನ್ನ ಬೋರ್ಡು ಬಂಡೆಯ ಜೊತೆಗೇ ಹೋಗಿದೆ. ಮೀಸೆಯ ಅರ್ಧ ಮಾತ್ರ ಈ ಕಡೆ ಉಳಿದಿದೆ, ತುದಿ ಇನ್ನೂ ಮೇಲಕ್ಕೇ ಹುರಿ ಹೊಡೆದುಕೊಂಡು.

ಒದ್ದೆ ನೆಲದ ಮೇಲೆ ಕೂತೆವು. ನನಗೆ ಒಂದು ಮಾತೂ ಹೊಳೆಯಲಿಲ್ಲ. ಸೊಸೆಯ ಹೊಸ ಬಟ್ಟೆ, ಬಲೂನು ಹಿಡಿದ ಮಕ್ಕಳು, ಅದೇ ಕಣ್ಣ ಮುಂದೆ. ಗುಳಿಗೆ ಫ್ಲಾಸ್ಕು ತೆಗೆದ. ಚಹಾ ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ಕೊನೆಗೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು.

"ಬಾಲ್ಕನಿ ಹೋಯ್ತು. ಇನ್ಮೇಲೆ ಬೆಂಚ್ ಕ್ಲಾಸೇ ಗತಿ."

ಅವರನ್ನು ನೋಡಿದೆ. ನಮ್ಮ ಮ್ಯಾನೇಜರು! ನಗಲು ಶುರುವಾದದ್ದು ನಿಲ್ಲಲೇ ಇಲ್ಲ. ಪ್ರತಿಧ್ವನಿಯೂ ಎದ್ದು ಕೂತು ನಕ್ಕಿತು.

ಅಕ್ಟೋಬರ್ ೬, ಸೋಮವಾರ. ಬೆಳಿಗ್ಗೆ

ಆಫೀಸಿನಿಂದ ಗುಮಾಸ್ತ ಫೋನು ಮಾಡಿದ್ದ. ದನಿಯಲ್ಲಿ ವಿನಯ. ಅಂಚಿಗೆಲ್ಲ ಬೇಲಿ ಹಾಕಿಸುತ್ತಾರಂತೆ, ಬೋರ್ಡು ಬೇಕಂತೆ. "ಬರೆದುಕೊಡ್ತೀನಿ" ಅಂದೆ. "ಅಯ್ಯೋ, ನೀವು ಬೇಡ ಸಾರ್. ನರ್ಸಮ್ಮ ಬರೀಲಿ." ಬದುಕೆಲ್ಲ ಬ್ರಷ್ಷು ಹಿಡಿದವನಿಗೆ ಈ ಮಾತು! ಹೆಂಡತಿ ಹಳೆ ಪೇಪರಿನ ಮೇಲೆ ಅಭ್ಯಾಸ ಶುರುಮಾಡಿದ್ದಾಳೆ. ಅಕ್ಷರ ಇನ್ನೂ ಡೊಂಕು. ತಿದ್ದಲು ಹೋದೆ. "ನೆಟ್ಟಗಾದ್ರೆ ಯಾರೂ ನಂಬಲ್ಲ" ಅಂದಳು. ನಿಜವೇ.

ದಿನಾ ಕ್ವಾರಿಗೆ ಬರುತ್ತಾಳಂತೆ. ಗುಳಿಗೆಯ ಸ್ಕೂಟರಿನ ಹಿಂದಿನ ಸೀಟು ಕಾಯಂ. ಕ್ರಷರ್ ಕೋಣೆಯ ಗೋಡೆ ಪಕ್ಕ ಬೆಂಚು ಹಾಕಿದ್ದೇವೆ. ನಿನ್ನೆ ಅಲ್ಲಿಂದ ಆಸ್ಪತ್ರೆಯ ಕಿಟಕಿ ಎಣಿಸುತ್ತಿದ್ದಳು, ಯಾವುದು ಯಾವ ವಾರ್ಡು ಎಂದು. ಬೆಂಚಿಗೆ ಹೊಸ ಬೋರ್ಡೂ ಬರೆದಿದ್ದೇನೆ, ಒಣಗುತ್ತಿದೆ: "ಎಚ್ಚರಿಕೆ: ಇಲ್ಲಿ ಒಬ್ಬರು ಮಾತ್ರ ಸುಳ್ಳು ಹೇಳುತ್ತಾರೆ."

ಸ್ಕೂಟರ್ ಹಾರ್ನ್ ಆಯಿತು. ಅವಳು ಆಗಲೇ ಗೇಟಿನಲ್ಲಿ. ಹೊರಡಬೇಕು. ಕ್ಯಾಪು ಎಲ್ಲಿ...

ಮೊಳೆಯ ಮೇಲಿಲ್ಲ. ರಾತ್ರಿ ನಾನೇ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದು. ಚೆನ್ನಾಗಿ ನೆನಪಿದೆ. ಹಾಕಿ, ತಟ್ಟಿ ನೋಡಿ ಮಲಗಿದ್ದೆ. ಮೊಳೆಯಲ್ಲಿ ಈಗ ಸೌಟು ನೇತಾಡುತ್ತಿದೆ. ಸೌಟು ನಾನು ಮುಟ್ಟುವುದೇ ಇಲ್ಲ.

ಕಿಟಕಿಯಿಂದ ನೋಡಿದೆ. ಗೇಟಿಗೆ ಒರಗಿ ನಿಂತಿದ್ದಾಳೆ. ಅದೇ ವಾರ್ಡಿನ ಮುಖ. "ಸಿಕ್ತಾ? ವಯಸ್ಸಾಯ್ತು ನಿಮಗೆ" ಎಂದು ಕೂಗಿದಳು. ಏನು ಸಿಕ್ತಾ? ಕ್ಯಾಪು ಕಾಣುತ್ತಿಲ್ಲ ಎಂದು ನಾನು ಯಾರಿಗೂ ಹೇಳೇ ಇಲ್ಲ.

ಫ್ರಿಜ್ಜು. ಬಕೆಟ್ಟು. ಗುಲಾಬಿ ಗಿಡ.

ತಾಳು ತಾಳು... ಹಾಗಾದರೆ ಇಷ್ಟು ವರ್ಷ ಇವಳು—